ಮೆದುಳಿನ ಗಡಿನಾಡು: ಮಾತು ಮರೆತರೂ ನೋವು ಉಳಿಯುತ್ತದೆ

(ಪ್ಲಸ್ ಟು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)

ನಾನು ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವವನು, ಡಾಕ್ಟರ್ ಅಲ್ಲ. ನೆನಪು ಮತ್ತು ಭಾವನೆಯ ಬಗ್ಗೆ ಮಾತಾಡಿ ಅಂದರು. ಪುಸ್ತಕದಿಂದ ಶುರು ಮಾಡುವ ಬದಲು ನಮ್ಮ ಮನೆಯ ಜಗಲಿಯಿಂದ ಶುರು ಮಾಡುತ್ತೇನೆ.

ನಾನು ಡಿಗ್ರಿ ಓದುತ್ತಿದ್ದಾಗ ನಮ್ಮ ಅಜ್ಜಿಗೆ ಮರೆವು ಜಾಸ್ತಿಯಾಗಿತ್ತು. ಸಂಜೆಯಾದರೆ ಸಾಕು, "ದನಕ್ಕೆ ಹುಲ್ಲು ಹಾಕಿದೆಯಾ ಮಗಾ?" ಅಂತ ಕೇಳುತ್ತಿದ್ದರು. ದನ ಮಾರಿ ನಾಲ್ಕು ವರ್ಷ ಕಳೆದಿತ್ತು, ಹಟ್ಟಿಯಲ್ಲಿ ತೆಂಗಿನ ಸಿಪ್ಪೆ ತುಂಬಿಸಿಟ್ಟಿದ್ದೆವು. ಒಂದು ದಿನ, ಪರೀಕ್ಷೆಯ ಹಿಂದಿನ ಸಂಜೆ, ಏಳನೆಯದೋ ಎಂಟನೆಯದೋ ಸಲ ಕೇಳಿದಾಗ ನಾನು ಕೂಗಿಬಿಟ್ಟೆ. "ದನ ಎಲ್ಲಿದೆ ಅಜ್ಜಿ? ತಲೆ ಸರಿ ಇದೆಯಾ?" ಅಂದುಬಿಟ್ಟೆ.

ಹತ್ತು ನಿಮಿಷದಲ್ಲಿ ಅವರಿಗೆ ಅದು ಮರೆತುಹೋಯಿತು. ನಿಜವಾಗಿಯೂ ಮರೆತಿತ್ತು, ಅಮ್ಮ ಕೇಳಿದಾಗ "ಯಾರು ಬೈದರು? ಯಾರೂ ಇಲ್ಲ" ಅಂದರು. ಆದರೆ ಆ ರಾತ್ರಿ ಊಟ ಮಾಡಲಿಲ್ಲ. ಗೋಡೆಗೆ ಒರಗಿ ಕೂತೇ ಇದ್ದರು. ಯಾಕೆ ಅಂದರೆ, "ಗೊತ್ತಿಲ್ಲ ಮಗಾ, ಯಾಕೋ ಬೇಜಾರು" ಅಂದರು.

ಬೈಗುಳ ಮರೆತುಹೋಗಿದೆ, ಬೇಜಾರು ಹೋಗಿಲ್ಲ. ಹಾಗಾದರೆ ಆ ಬೇಜಾರು ಎಲ್ಲಿ ಕೂತಿತ್ತು? ಇವತ್ತಿನ ಮಾತು ಇಷ್ಟೇ, ಈ ಒಂದು ಪ್ರಶ್ನೆ.

ಮೆದುಳನ್ನು ನಡುವೆ ಸೀಳಿ ನೋಡಿದರೆ ಒಳಭಾಗದಲ್ಲಿ, ಮೆದುಳಕಾಂಡವನ್ನು ಸುತ್ತುವರಿದ ಹಾಗೆ ಒಂದು ಅಂಚು ಕಾಣುತ್ತದೆ. 1878ರಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ ಅದಕ್ಕೆ ಲಿಂಬಿಕ್ ಅಂತ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಲಿಂಬಸ್ ಅಂದರೆ ಅಂಚು, ಗಡಿ. ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಹೆಸರು ಮರೆಯುವುದು ಕಷ್ಟ ಬಿಡಿ! 1937ರಲ್ಲಿ ಅಮೆರಿಕದ ಜೇಮ್ಸ್ ಪೇಪೆಜ್, ಭಾವನೆ ಹುಟ್ಟುವುದು ಈ ಭಾಗಗಳು ಒಂದಕ್ಕೊಂದು ಕೈಕೊಟ್ಟು ಮಾಡುವ ಕೆಲಸದಿಂದ ಅಂತ ಸೂಚಿಸಿದರು. 1952ರಲ್ಲಿ ಪಾಲ್ ಮೆಕ್ಲೀನ್ "ಲಿಂಬಿಕ್ ವ್ಯವಸ್ಥೆ" ಅನ್ನುವ ಮಾತನ್ನು ಬಳಕೆಗೆ ತಂದರು.

ಇದರಲ್ಲಿ ಹಲವು ಭಾಗಗಳಿವೆ. ನಮಗೆ ಇವತ್ತು ಎರಡು ಸಾಕು. ಒಂದು ಹಿಪ್ಪೊಕ್ಯಾಂಪಸ್, ನೋಡೋಕೆ ಕಡಲಕುದುರೆಯ ಹಾಗೆ ಬಾಗಿರುತ್ತದೆ. ಇನ್ನೊಂದು ಅದರ ಮುಂತುದಿಯಲ್ಲಿ ಬಾದಾಮಿ ಗಾತ್ರದ ಅಮಿಗ್ಡಲಾ. ಎರಡೂ ಕಿವಿಗಳ ಒಳಗಡೆ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದು ಇವೆ. ಈ ಎರಡೂ ಏನು ಮಾಡುತ್ತವೆ ಅಂತ ನಮಗೆ ತಿಳಿಸಿಕೊಟ್ಟವರು ಮುಖ್ಯವಾಗಿ ರೋಗಿಗಳು.

ಮೊದಲನೆಯವರು ಅಮೆರಿಕದ ಹೆನ್ರಿ ಮೊಲೈಸನ್. ತೀವ್ರ ಅಪಸ್ಮಾರ ಇತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್ ಅವರ ಮೆದುಳಿನ ಎರಡೂ ಬದಿಯಿಂದ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನೂ ಸುತ್ತಲಿನ ಅಂಗಾಂಶವನ್ನೂ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲುವುದೇ ನಿಂತುಹೋಯಿತು. ಮಾತು ಸರಿ, ಬುದ್ಧಿ ಸರಿ, ಹಳೆಯ ನೆನಪು ಬಹಳಷ್ಟು ಸರಿ. ಆದರೆ ಈಗ ಮಾತಾಡಿಸಿದವರು ಹೊರಗೆ ಹೋಗಿ ಒಳಗೆ ಬಂದರೆ ಹೊಸಬರು! ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಈ ಕೆಲಸ ಹಿಂದೆ ಮಾಡಿದ್ದೇನೆ ಅನ್ನುವುದೇ ಅವರಿಗೆ ನೆನಪಿರಲಿಲ್ಲ. ತಲೆಗೆ ಗೊತ್ತಿಲ್ಲ, ಕೈಗೆ ಗೊತ್ತು. ನೆನಪು ಅನ್ನುವುದು ಒಂದೇ ಪೆಟ್ಟಿಗೆಯಲ್ಲ ಅಂತ ಇದರಿಂದ ಖಚಿತವಾಯಿತು. 2008ರಲ್ಲಿ ಅವರು ತೀರಿಕೊಳ್ಳುವವರೆಗೂ ಜಗತ್ತು ಅವರನ್ನು ಎಚ್.ಎಂ. ಅನ್ನುವ ಎರಡಕ್ಷರದಿಂದ ಮಾತ್ರ ಬಲ್ಲದಾಗಿತ್ತು.

ಕೈ ಕಲಿಯುತ್ತದೆ, ಸರಿ. ಹೆದರಿಕೆ, ಬೇಜಾರು ಇವುಗಳ ಕತೆ ಏನು? ಇದಕ್ಕೆ ಇನ್ನೂ ಹಳೆಯ ಸುಳಿವಿದೆ. ಸ್ವಿಟ್ಸರ್ಲೆಂಡಿನ ಎದುವಾರ್ ಕ್ಲಾಪರೇಡ್ 1911ರಲ್ಲಿ ಬರೆದದ್ದು. ಅವರ ಹತ್ತಿರ ಒಬ್ಬ ಹೆಂಗಸು ಇದ್ದರು, ದಿನಾ ನೋಡುವ ವೈದ್ಯರನ್ನೂ ಗುರುತಿಸುತ್ತಿರಲಿಲ್ಲ. ಒಂದು ದಿನ ಕ್ಲಾಪರೇಡ್ ಬೆರಳ ಸಂದಿಯಲ್ಲಿ ಸೂಜಿ ಇಟ್ಟುಕೊಂಡು ಕೈ ಕುಲುಕಿದರು, ಚುಚ್ಚಿತು. ಸ್ವಲ್ಪ ಹೊತ್ತಿಗೆ ಅದೂ ಮರೆಯಿತು. ಆದರೆ ಆಮೇಲೆ ಕೈ ಚಾಚಿದರೆ ಆಕೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡರು. ಯಾಕೆ ಅಂತ ಹೇಳಲು ಮಾತ್ರ ಬರಲಿಲ್ಲ. ಇವತ್ತಾದರೆ ಹಾಗೆ ಚುಚ್ಚಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

1995ರಲ್ಲಿ ಅಮೆರಿಕದ ಅಯೋವಾದಲ್ಲಿ ಆಂಟ್ವಾನ್ ಬೆಚಾರಾ ಮತ್ತು ಸಂಗಡಿಗರು ಇದನ್ನು ಸರಿಯಾಗಿ ಬಿಡಿಸಿದರು. ಮೂವರು ರೋಗಿಗಳು. ಒಬ್ಬರಿಗೆ ಅಮಿಗ್ಡಲಾ ಮಾತ್ರ ಕೆಟ್ಟಿದೆ, ಒಬ್ಬರಿಗೆ ಹಿಪ್ಪೊಕ್ಯಾಂಪಸ್ ಮಾತ್ರ, ಇನ್ನೊಬ್ಬರಿಗೆ ಎರಡೂ. ಪರದೆಯ ಮೇಲೆ ಬಣ್ಣಗಳು ಬರುತ್ತವೆ, ಒಂದು ಬಣ್ಣ ಬಂದಾಗ ಮಾತ್ರ ಬೆಚ್ಚಿಬೀಳಿಸುವಂಥ ಜೋರು ಹಾರ್ನ್. ನಮಗಾದರೆ ಸ್ವಲ್ಪ ಹೊತ್ತಿನಲ್ಲಿ ಆ ಬಣ್ಣ ಕಂಡ ಕೂಡಲೇ ಅಂಗೈ ಬೆವರುತ್ತದೆ. ಏನಾಯಿತು ನೋಡಿ. ಅಮಿಗ್ಡಲಾ ಕೆಟ್ಟವರು "ಈ ಬಣ್ಣಕ್ಕೆ ಹಾರ್ನ್ ಬಂತು" ಅಂತ ಸರಿಯಾಗಿ ಹೇಳಿದರು, ಅಂಗೈ ಬೆವರಲಿಲ್ಲ. ಹಿಪ್ಪೊಕ್ಯಾಂಪಸ್ ಕೆಟ್ಟವರ ಅಂಗೈ ಬೆವರಿತು, ಯಾವ ಬಣ್ಣಕ್ಕೆ ಹಾರ್ನ್ ಬಂತು ಅಂತ ಹೇಳಲಾಗಲಿಲ್ಲ. ಎರಡೂ ಕೆಟ್ಟವರಿಗೆ ಎರಡೂ ಇಲ್ಲ.

ಅಂದರೆ ಏನಾಯಿತು, ಎಲ್ಲಿ, ಯಾವಾಗ ಅನ್ನುವ ಲೆಕ್ಕ ಬರೆಯಲು ಹಿಪ್ಪೊಕ್ಯಾಂಪಸ್ ಬೇಕು. "ಇದು ಅಪಾಯ, ಹುಷಾರು" ಅನ್ನುವ ಮುದ್ರೆ ಒತ್ತಲು ಅಮಿಗ್ಡಲಾ ಬೇಕು. ಆರೋಗ್ಯವಂತರಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡುತ್ತಾರೆ. ಮನಸ್ಸು ಕಲಕುವಂಥದ್ದು ನಡೆದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ, ಅಮಿಗ್ಡಲಾ ಚುರುಕಾಗಿ "ಇದನ್ನು ಗಟ್ಟಿಯಾಗಿ ಬರೆದುಕೋ" ಅಂತ ಪಕ್ಕದವನಿಗೆ ಹೇಳುತ್ತದೆ. ಅದಕ್ಕೇ ಹೋದ ತಿಂಗಳ ಮಂಗಳವಾರ ಏನು ಉಂಡೆವು ಅಂತ ನೆನಪಿಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಎಲ್ಲಿ ನಿಂತಿದ್ದೆವು ಅಂತ ನೆನಪಿದೆ.

ಒಂದು ಎಚ್ಚರಿಕೆ. ಇದನ್ನು "ಒಂದು ಭಾಗ, ಒಂದು ಕೆಲಸ" ಅಂತ ಬಾಯಿಪಾಠ ಮಾಡಬೇಡಿ. ಲಿಂಬಿಕ್ ವ್ಯವಸ್ಥೆಗೆ ಯಾವ ಯಾವ ಭಾಗ ಸೇರಬೇಕು ಅನ್ನುವುದರಲ್ಲೇ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಹಣೆಯ ಹಿಂದಿನ ಮುಮ್ಮೆದುಳಿನ ಪಾಲೂ ದೊಡ್ಡದು.

ಈಗ ನಮ್ಮ ಅಜ್ಜಿಗೆ ವಾಪಸ್ ಬರೋಣ. ಆಲ್ಜೈಮರ್ ಕಾಯಿಲೆ ಮೊದಮೊದಲು ಹಾನಿ ಮಾಡುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಕ್ಕೆ. ಅಮಿಗ್ಡಲಾಕ್ಕೂ ಪೆಟ್ಟು ಬೀಳುತ್ತದೆ. ಆದರೂ ಭಾವನೆ ಉಳಿಯುತ್ತದೆಯೇ? 2010ರಲ್ಲಿ ಜಸ್ಟಿನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು ಹಿಪ್ಪೊಕ್ಯಾಂಪಸ್ ಹಾಳಾದ ಐದು ಮಂದಿಗೆ ಅಳು ಬರಿಸುವ ಮತ್ತು ನಗು ಬರಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆಯಿತು, ದುಃಖ ಹೋಗಲಿಲ್ಲ. 2014ರಲ್ಲಿ ಅದೇ ತಂಡದವರು 17 ಮಂದಿ ಆಲ್ಜೈಮರ್ ರೋಗಿಗಳಲ್ಲಿ ನೋಡಿದಾಗಲೂ ಹಾಗೇ ಆಯಿತು. ಅದರಲ್ಲೂ ಸಿನಿಮಾ ಕಡಿಮೆ ನೆನಪಿದ್ದವರಲ್ಲೇ ದುಃಖ ಹೆಚ್ಚು ಹೊತ್ತು ಉಳಿಯಿತು. ಯೋಚಿಸಿದರೆ ಅರ್ಥವಾಗುತ್ತದೆ. ನಮಗೆ ಬೇಜಾರಾದರೆ ಕಾರಣ ಗೊತ್ತಿರುತ್ತದೆ, ಸಮಾಧಾನ ಹೇಳಿಕೊಳ್ಳುತ್ತೇವೆ. ಕಾರಣವೇ ಅಳಿಸಿಹೋದವರು ಏನಂತ ಸಮಾಧಾನ ಹೇಳಿಕೊಳ್ಳಬೇಕು?

"ಹೇಗೂ ಮರೆತುಹೋಗುತ್ತೆ ಬಿಡು" ಅಂತ ನಾವು ಮನೆಯಲ್ಲಿ ಹೇಳುತ್ತೇವಲ್ಲ, ಅದು ತಪ್ಪು. ಬೈದದ್ದು ಮರೆಯುತ್ತದೆ, ಬೈಸಿಕೊಂಡ ನೋವು ಉಳಿಯುತ್ತದೆ. ಇದರ ಇನ್ನೊಂದು ಮಗ್ಗುಲು ಸಂತೋಷದ್ದು. "ನಾನು ಬಂದದ್ದೇ ಅಜ್ಜನಿಗೆ ನೆನಪಿರುವುದಿಲ್ಲ, ಯಾಕೆ ಹೋಗಲಿ" ಅನ್ನಬೇಡಿ. ಹೋಗಿ, ಹತ್ತು ನಿಮಿಷ ಕೈ ಹಿಡಿದು ಕೂತುಕೊಳ್ಳಿ. ನೀವು ಬಂದದ್ದು ಮರೆತರೂ ಮನಸ್ಸು ಹಗುರಾದದ್ದು ಆಮೇಲೂ ಸ್ವಲ್ಪ ಹೊತ್ತು ಜೊತೆಗಿರುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ವಿಷಯ ಇದೆ. ನೆನಪಿನ ಪರೀಕ್ಷೆ ಅಂದರೆ ರಕ್ತಪರೀಕ್ಷೆಯ ಹಾಗಲ್ಲ, ಅದು ಮಾತಿನಲ್ಲೇ ನಡೆಯುತ್ತದೆ. ಇವತ್ತು ಯಾವ ವಾರ, ಈ ಮೂರು ಪದ ನೆನಪಿಟ್ಟು ಹೇಳಿ, ಈ ಕತೆ ಮತ್ತೆ ಹೇಳಿ ಅಂತೆಲ್ಲ ಕೇಳುತ್ತಾರೆ. ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋದಾಗ ಅವರಿಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ಕೇಳಿದರು. ಅಜ್ಜಿ ಸುಮ್ಮನೆ ಕೂತರು. ಆ ಮೌನದಲ್ಲಿ ಮರೆವು ಎಷ್ಟು, ಭಾಷೆ ತಿಳಿಯದ್ದು ಎಷ್ಟು ಅಂತ ಬೇರೆ ಮಾಡುವುದು ಹೇಗೆ? ಇದು ಯಾರ ಮೇಲಿನ ದೂರೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಪರೀಕ್ಷಾ ಸಾಮಗ್ರಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿದೆ. ಹಾಗಾಗಿ "ನಮ್ಮ ಅಜ್ಜಿಗೆ ಕನ್ನಡದಲ್ಲಿ ಕೇಳಲು ಆಗುತ್ತದಾ?" ಅಂತ ವಿನಯದಿಂದ ಕೇಳಿ. ಅದು ಹಠವಲ್ಲ, ಪರೀಕ್ಷೆ ಸರಿಯಾಗಿ ಆಗಲು ಬೇಕಾದದ್ದು. ಮನೆಯಲ್ಲಿ ಎರಡೂ ಭಾಷೆ ಚೆನ್ನಾಗಿ ಬರುವವರು ನೀವು, ಹೊಸ ತಲೆಮಾರಿನವರು. ಆ ದಿನ ಜೊತೆಗೆ ಹೋಗುವವರು ನೀವೇ ಆಗಿ. ಆದರೆ ಉತ್ತರ ನೀವು ಹೇಳಿಕೊಡಬೇಡಿ, ಪ್ರಶ್ನೆಯನ್ನು ಮಾತ್ರ ದಾಟಿಸಿ.

ಮರೆವೆಲ್ಲ ಆಲ್ಜೈಮರ್ ಅಲ್ಲ ಅನ್ನುವುದೂ ಗೊತ್ತಿರಲಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳು, ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯೂ ಇದೆ. "ವಯಸ್ಸಾಯ್ತಲ್ಲ" ಅಂತ ಕೈಚೆಲ್ಲಿ ಕೂರುವ ಮೊದಲು ಒಮ್ಮೆ ತೋರಿಸಿ.

ನಮ್ಮ ಅಜ್ಜಿ ಈಗಿಲ್ಲ. ಈ ಸಂಗತಿಗಳನ್ನೆಲ್ಲ ನಾನು ಓದಿದ್ದು ಅವರು ಹೋದ ಮೇಲೆ. ಮೊದಲೇ ಗೊತ್ತಿದ್ದರೆ "ದನಕ್ಕೆ ಹುಲ್ಲು ಹಾಕಿದೆಯಾ?" ಅಂದಾಗ ಕೂಗುತ್ತಿರಲಿಲ್ಲ. "ಯಾವ ದನ ಅಜ್ಜಿ, ಆ ಬಿಳಿ ದನವಾ? ಅದರ ಕತೆ ಹೇಳಜ್ಜಿ" ಅನ್ನುತ್ತಿದ್ದೆ. ಆ ದನದ ಕತೆ ಅವರಿಗೆ ಚೆನ್ನಾಗಿ ನೆನಪಿತ್ತು. ಕೇಳುವವರು ಇರಲಿಲ್ಲ.

ನಿಮ್ಮಲ್ಲಿ ಹಲವರ ಮನೆಯ ಜಗಲಿಯಲ್ಲಿ ಇವತ್ತು ಸಂಜೆ ಯಾರಾದರೂ ಕೇಳಿದ್ದನ್ನೇ ಕೇಳುತ್ತಾರೆ. ಏಳನೇ ಸಲವೂ ಮೊದಲನೇ ಸಲ ಕೇಳಿದಂತೆಯೇ ಉತ್ತರ ಕೊಡಿ. ಅವರಿಗೆ ಅದು ನಿಜವಾಗಿಯೂ ಮೊದಲನೇ ಸಲ.