ಉಬ್ಬೋ, ತಗ್ಗೋ?

ಕೀಟಗಳ ಪಳೆಯುಳಿಕೆಗಳ ಬಗ್ಗೆ ಕೇಳುಗರ ಕಾಗದಗಳಲ್ಲಿ ಒಂದೇ ಅನುಮಾನ ಮತ್ತೆ ಮತ್ತೆ ಬರುತ್ತಿದೆ. "ತಲೆಯಿಲ್ಲ, ಕಾಲಿಲ್ಲ, ಕಲ್ಲಿನ ಮೇಲೆ ಒಂದು ರೆಕ್ಕೆಯ ಗುರುತು. ಅಷ್ಟಕ್ಕೇ ಇದು ಜಾಲರೆಕ್ಕೆ ಕೀಟ, ಅದರಲ್ಲೂ ಹೊಸದು ಅಂತೀರಲ್ಲ, ಇದು ಊಹೆಯಲ್ಲವೇ?"

ಅಲ್ಲ. ಕೀಟದ ರೆಕ್ಕೆ ಸಪಾಟಾಗಿರುವುದಿಲ್ಲ, ಬೀಸಣಿಗೆಯಂತೆ ಅದರಲ್ಲಿ ಮಡಿಕೆಗಳಿವೆ, ರೆಕ್ಕೆಯ ನರಗಳು ಆ ಮಡಿಕೆಗಳ ಉಬ್ಬು ತಗ್ಗುಗಳ ಉದ್ದಕ್ಕೂ ಸಾಗುತ್ತವೆ. ಮುಂದಂಚಿನ ಕೋಸ್ಟ ನರ ಉಬ್ಬು, ಅದರ ಹಿಂದಿನ ಸಬ್‌ಕೋಸ್ಟ ತಗ್ಗು, ಆಮೇಲಿನ ರೇಡಿಯಸ್ ಮತ್ತೆ ಉಬ್ಬು. ರೆಕ್ಕೆಯ ಬುಡ ಮುರಿದುಹೋಗಿದ್ದರೂ ಯಾವ ನರ ಯಾವುದೆಂದು ಈ ಏರಿಳಿತವೇ ಹೇಳಿಕೊಡುತ್ತದೆ.

ಆದರೆ ಇಲ್ಲೊಂದು ಮೋಸವಿದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕು ಕುಳಿ, ಸಕ್ಕರೆಯಲ್ಲಿ ಅದೇ ಕೊಕ್ಕು ಉಬ್ಬು. ಕಲ್ಲು ಸೀಳಿದಾಗಲೂ ಎರಡು ಹಲಗೆ ಸಿಗುತ್ತವೆ: ಒಂದರಲ್ಲಿ ಉಬ್ಬಾಗಿ ಕಂಡ ನರ ಇನ್ನೊಂದರಲ್ಲಿ ತಗ್ಗು. ಸಾಲದ್ದಕ್ಕೆ ಫೋಟೋದಲ್ಲಿ ದೀಪ ಯಾವ ಕಡೆಯಿಂದ ಬಿದ್ದಿದೆ ಎಂದು ಗೊತ್ತಿಲ್ಲದಿದ್ದರೆ ಕಣ್ಣು ತಗ್ಗನ್ನೇ ಉಬ್ಬು ಅನ್ನುತ್ತದೆ. ನಾನೇ ಒಮ್ಮೆ ಹೀಗೆ ಇಡೀ ರೆಕ್ಕೆಯನ್ನು ತಿರುವುಮುರುವು ಬರೆದು ಗುರುಗಳಿಂದ ಬೈಸಿಕೊಂಡಿದ್ದೇನೆ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಯಾವ ಹಲಗೆ, ದೀಪ ಯಾವ ಕಡೆ? ಇದು ತಿಳಿಯದೆ ನರಕ್ಕೆ ಹೆಸರಿಡಬೇಡಿ.

ಇನ್ನು "ಚಿಟ್ಟೆಯ ಹಾಗಿದೆ, ಚಿಟ್ಟೆ ಅಂದರಾಯಿತಲ್ಲ" ಅನ್ನುವವರು. ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಸಿಕ್ಕ ಒಂದು ಕೀಟವನ್ನು 1904ರಲ್ಲಿ ವಾಲ್ಟರ್ ಎಂಬ ವಿಜ್ಞಾನಿ ಕ್ಯಾಲಿಗ್ರಾಮಾ ಹೆಕೆಲಿ ಎಂದು ಹೆಸರಿಸಿದರು. ಸುಮಾರು 15 ಕೋಟಿ ವರ್ಷ ಹಳೆಯದು. ಅಗಲ ರೆಕ್ಕೆ, ಅದರ ಮೇಲೆ ದೊಡ್ಡ ಕಣ್ಣಿನಂಥ ಚುಕ್ಕೆ. ಇದರ ಕುಟುಂಬದ ಕೀಟಗಳಿಗೆ ಹೀರುವ ಸೊಂಡಿಲೂ ಇತ್ತು, ರೆಕ್ಕೆಯ ಮೇಲೆ ಹುರುಪೆಯೂ ಇತ್ತು. ಇನ್ನೇನು ಬೇಕು ಚಿಟ್ಟೆಯಾಗಲು? ನರ ಬೇಕು! ಚಿಟ್ಟೆಯ ರೆಕ್ಕೆಯಲ್ಲಿ ನರಗಳು ಕೆಲವೇ, ಅಡ್ಡನರಗಳಂತೂ ಬೆರಳೆಣಿಕೆಯಷ್ಟು. ಕ್ಯಾಲಿಗ್ರಾಮಾದಲ್ಲೋ ರೇಡಿಯಸ್ಸಿನಿಂದ ಬಾಚಣಿಗೆ ಹಲ್ಲಿನಂತೆ ಕವಲುಗಳು, ನಡುವೆ ಒತ್ತಾದ ಅಡ್ಡನರಗಳ ಜಾಲ. ಅಂದರೆ ಇದು ಜಾಲರೆಕ್ಕೆ ಕೀಟ. ಬಣ್ಣ, ಚುಕ್ಕೆ, ಸೊಂಡಿಲು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆ ಸಲ ಬರುತ್ತವೆ.

ಅಡ್ಡನರ ಎಣಿಸಿ "ಎರಡು ಹೆಚ್ಚಿವೆ, ಹೊಸ ಪ್ರಭೇದ" ಎಂದು ಕುಣಿಯುವ ಚಪಲವೂ ಬೇಡ. ಒಂದೇ ಹುಳುವಿನ ಎಡ, ಬಲ ರೆಕ್ಕೆಗಳಲ್ಲೇ ಎಷ್ಟೋ ಸಲ ಆ ಲೆಕ್ಕ ಹೊಂದುವುದಿಲ್ಲ. ಸಬ್‌ಕೋಸ್ಟ ಮತ್ತು ರೇಡಿಯಸ್ ತುದಿಯಲ್ಲಿ ಕೂಡುತ್ತವೋ, ಬೇರೆಯೇ ಉಳಿಯುತ್ತವೋ, ಮೊದಲ ಕವಲು ಎಲ್ಲಿ ಒಡೆಯುತ್ತದೆ, ಅದನ್ನು ನೋಡಿ. ಕಲ್ಲು ಹಿಗ್ಗಿ ಕುಗ್ಗಿ ರೆಕ್ಕೆಯ ಉದ್ದ ಅಗಲ ಕೆಟ್ಟಿದ್ದರೂ ಕವಲಿನ ಕ್ರಮ ಕೆಡುವುದಿಲ್ಲ.

ಹೇಳಬೇಕಾದ್ದು ಇನ್ನೂ ಇತ್ತು, ಉಬ್ಬುತಗ್ಗೇ ಸಮಯ ತಿಂದಿತು. ಇವತ್ತು ರಾತ್ರಿ ಟ್ಯೂಬ್‌ಲೈಟಿಗೆ ಹಸಿರು ಜಾಲರೆಕ್ಕೆಯ ಹುಳು ಬಂದರೆ ಹೊಡೆಯಬೇಡಿ. ಭೂತಗನ್ನಡಿ ಹಿಡಿದು ಮುಂದಂಚಿನಿಂದ ನೋಡುತ್ತ ಬನ್ನಿ: ಉಬ್ಬು, ತಗ್ಗು, ಉಬ್ಬು.