ಅಸ್ಥಿಬಲವೂ ಎಸರಿನ ನೀರೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಿಂದ ದಯಮಾಡಿಸಿರುವ ಶರಣ ಶರಣೆಯರೇ, ಮಠದ ವಿದ್ಯಾರ್ಥಿಗಳೇ,

ಪಾಠಶಾಲೆಯ ಪಂಡಿತನಾದ ನಾನು ಇಂದು ಶಾಸ್ತ್ರವಿಚಾರವನ್ನು ಎತ್ತಿಕೊಳ್ಳುವೆನೆಂದು ತಾವು ಎಣಿಸಿರಬಹುದು. ನಾನು ಹೇಳಹೊರಟಿರುವುದಾದರೋ ಮೂಳೆಯ ವಿಷಯ. ಕಾಯಕವೆಲ್ಲವೂ ಕಾಯವನ್ನು ಆಶ್ರಯಿಸಿದೆ; ಕಾಯವು ಅಸ್ಥಿಯನ್ನು ಆಶ್ರಯಿಸಿದೆ. ಆಯುರ್ವೇದವು ಸಪ್ತಧಾತುಗಳಲ್ಲಿ ಅಸ್ಥಿಯನ್ನು ಐದನೆಯದಾಗಿ ಎಣಿಸಿ, ದೇಹಧಾರಣವೇ ಅದರ ಕರ್ಮವೆಂದಿತು. ಈ ಕಾಲದ ವೈದ್ಯಶಾಸ್ತ್ರವು ಅದರ ಗಟ್ಟಿತನಕ್ಕೆ ಕ್ಯಾಲ್ಸಿಯಂ ಎಂಬ ಸುಣ್ಣದ ಸತ್ತ್ವವನ್ನು ಮುಖ್ಯವಾಗಿ ಹೇಳುತ್ತದೆ. ಶರೀರದಲ್ಲಿರುವ ಈ ಸತ್ತ್ವದಲ್ಲಿ ನೂರಕ್ಕೆ 99 ಪಾಲು ಮೂಳೆ ಹಲ್ಲುಗಳಲ್ಲಿಯೇ ಇರುವುದು. ರಕ್ತಕ್ಕೆ ಬೇಕಾದುದು ಆಹಾರದಿಂದ ಬಾರದೆ ಹೋದರೆ ಶರೀರವು ಮೂಳೆಯನ್ನೇ ಕರಗಿಸಿ ತೆಗೆದುಕೊಳ್ಳುವುದು. ಎಳೆತನದಲ್ಲಿ ಕೂಡಿಟ್ಟ ಬಂಡವಾಳವೇ ಮುಪ್ಪಿನಲ್ಲಿ ಆಧಾರ.

ನಮ್ಮ ಹಿರಿಯರು ಈ ಲೆಕ್ಕವನ್ನು ಕಲಿತವರಲ್ಲ. ಆದರೆ ಮುದ್ದೆಯನ್ನು ಉಂಡವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. ವಯಸ್ಕರಿಗೆ ದಿನಕ್ಕೆ 1000, ಮೊಲೆಯೂಡಿಸುವ ತಾಯಂದಿರಿಗೂ ಮುಟ್ಟು ನಿಂತವರಿಗೂ 1200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ಗೊತ್ತುಮಾಡಿದೆ. ದಿನಕ್ಕೆ ಇನ್ನೂರು ಗ್ರಾಂ ಹಿಟ್ಟಿನ ಮುದ್ದೆ, ಒಂದು ಲೋಟ ಹಾಲು ಅಥವಾ ಮೊಸರು, ಜೊತೆಗೆ ಹುರುಳಿಯ ಸಾರು, ನುಗ್ಗೆಸೊಪ್ಪು ಇದ್ದರೆ ಲೆಕ್ಕವು ಬಹುಮಟ್ಟಿಗೆ ತುಂಬಿತು. ರಾಗಿಯಲ್ಲಿರುವ ಕ್ಯಾಲ್ಸಿಯಂ ಪೂರ್ತಿಯಾಗಿ ಮೈಗೆ ಹತ್ತದೆಂಬ ಆಕ್ಷೇಪವು ನಿಜವೇ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಹೆಚ್ಚು ಹತ್ತುವುದು. ಕೂಸಿಗೆ ಕುಡಿಸುವ ರಾಗಿ ಸರಿಯಲ್ಲಿ ನಮ್ಮ ಅಜ್ಜಿಯರು ಮಾಡುತ್ತಿದ್ದುದು ಇದನ್ನೇ. ಮೈಮೇಲೆ ಬಿಸಿಲು ಬೀಳುವುದೂ ಅವಶ್ಯಕ. ಅದರಿಂದ ಹುಟ್ಟುವ ಡಿ ಜೀವಸತ್ತ್ವವಿಲ್ಲದೆ ಉಂಡ ಸುಣ್ಣವು ರಕ್ತಕ್ಕೆ ಚೆನ್ನಾಗಿ ಸೇರದು.

ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ಹೂಡಿಸಿ ರಾಗಿಯನ್ನು ಗೆಲ್ಲಿಸಿದರು. ನಮ್ಮ ಮನೆಗಳಲ್ಲಿ ತೀರ್ಪು ತಿರುವುಮುರುವಾಗುತ್ತಿದೆ. ಮುದ್ದೆಯನ್ನು ಮಕ್ಕಳು ಒಲ್ಲೆನ್ನುವರು. ನೆಂಟರ ಮುಂದೆ ಬಡಿಸಲು ಹಿರಿಯರೂ ನಾಚುವರು. ಹಾಲಿನ ಕಥೆ ಇನ್ನೂ ವಿಚಿತ್ರ. ಹಾಲಿಗೂ ರೇಷ್ಮೆಗೂ ಹೆಸರಾದ ಸೀಮೆಯಿದು. ಎರಡು ಹೊತ್ತೂ ಕರೆದ ಹಾಲನ್ನು ಡೈರಿಗೆ ಹಾಕಿ, ಬಸುರಿ ಸೊಸೆಗೆ ಬರಿಯ ಕಾಫಿಯನ್ನು ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ಹಣ ಬೇಕು, ಇಲ್ಲವೆನ್ನುವವರಾರು! ಆದರೆ ಒಂದು ಲೋಟವನ್ನಾದರೂ ಮನೆಯಲ್ಲಿ ಉಳಿಸಬಾರದೆ?

ಇನ್ನು ಮುಖ್ಯವಿಷಯಕ್ಕೆ ಬರುತ್ತೇನೆ. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ಬಾವಿಗಳು ಬತ್ತಿದ ಮೇಲೆ ಸಾವಿರ ಅಡಿಗೂ ಮಿಕ್ಕ ಕೊಳವೆಬಾವಿಗಳನ್ನು ಕೊರೆದೆವು. ಆಳದ ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಎಂಬ ಲವಣವು ಇಳಿದಿರುವುದು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಪಕ್ಷದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ನಮ್ಮ ಜಿಲ್ಲೆಯ ಹಲವು ಗ್ರಾಮಗಳ ನೀರು ಈ ಮೇರೆಯನ್ನು ದಾಟಿದೆ. ಇದು ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಕಲೆಯಾಗಿ ತೋರುವುದು. ವರ್ಷಾನುಗಟ್ಟಲೆ ಕುಡಿದರೆ ಮೂಳೆಯನ್ನು ಹೊಕ್ಕು, ಬೆನ್ನು ಕೀಲುಗಳನ್ನು ಬಿಗಿಹಿಡಿಸುವುದು. 1937ರಲ್ಲಿಯೇ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಮೊದಲಾದ ವೈದ್ಯರು ಇದನ್ನು ವರದಿಮಾಡಿದರು. ಊಟದಲ್ಲಿ ಕ್ಯಾಲ್ಸಿಯಂ ಸಾಲದವರಿಗೆ ಇದರ ಪೀಡೆಯು ಅಧಿಕ. ಅಂಥ ಮಕ್ಕಳ ಕಾಲುಗಳು ಬಾಗುವುದೂ ಉಂಟು. ಒಮ್ಮೆ ಬಿಗಿದ ಬೆನ್ನನ್ನು ಸಡಿಲಿಸುವ ಔಷಧವಿಲ್ಲ. ಮುದ್ದೆಯನ್ನು ಬಿಟ್ಟು ಈ ನೀರನ್ನು ಹಿಡಿದವರಿಗೆ ಎರಡು ಕಡೆಯಿಂದಲೂ ನಷ್ಟವೆಂಬುದನ್ನು ತಾವು ಮನಗಾಣಬೇಕು.

ಕಾಯಿಸಿದರೆ ದೋಷ ಹೋಗುವುದೆಂದು ಹಲವರ ನಂಬಿಕೆ. ಕ್ರಿಮಿಗಳು ಸಾಯುವುವು, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುವುದು. ಊರಿನ ಶುದ್ಧನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತಂದು ಕುಡಿಯುವವರೂ ಅಡುಗೆಗೆ ಮಾತ್ರ ನಲ್ಲಿಯ ಕೊಳವೆಬಾವಿ ನೀರನ್ನೇ ಬಳಸುವರು. ಮುದ್ದೆಗೆ ಇಡುವ ಎಸರೆಷ್ಟು! ಹಿಟ್ಟು ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ; ಸಾರೂ ಅಂತೆಯೇ. ಕುಡಿಯಲು ತಂದ ನೀರೇ ಎಸರಿಗೂ ಆಗಬೇಕು. ಮಾಡಿನ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟುಕೊಂಡರೆ ಅದರಲ್ಲಿ ಈ ಕಾಟವಿಲ್ಲ, ಕಾಯಿಸಿ ಬಳಸತಕ್ಕದ್ದು.

ಶ್ರೀಗಳವರಲ್ಲಿ ಎರಡು ಅರಿಕೆಗಳಿವೆ. ದಾಸೋಹದ ಪಾಕಶಾಲೆಗೆ ಬರುವ ನೀರನ್ನು ಜಿಲ್ಲೆಯ ಪರೀಕ್ಷಾಲಯಕ್ಕೆ ಕಳುಹಿಸಿ, ಬಂದ ಅಂಕಿಯನ್ನು ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಬರೆಸಬೇಕು. ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ದಿನಕ್ಕೊಂದು ಹೊತ್ತಾದರೂ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಬಡಿಸುವಂತಾಗಬೇಕು. ರಾಗಿಯನ್ನು ಒದಗಿಸುವ ಭಾರವನ್ನು ಇಲ್ಲಿ ಕುಳಿತಿರುವ ರೈತ ಶರಣರು ಹೊರುವರೆಂದು ನಂಬಿದ್ದೇನೆ. ಸುಗ್ಗಿಯ ಕಣಕ್ಕೆ ನಾನೇ ಚೀಲ ಹಿಡಿದು ಬರುತ್ತೇನೆ.