ಡ್ರಾಯಿಂಗ್ ಹಾಳೆಯಲ್ಲಿ ಕಲಿಕೆಯನ್ನು ಗುರುತಿಸುವುದು
(ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಸದಸ್ಯರೂ ನಿವೃತ್ತ ಶಿಕ್ಷಕರೂ ಆದವರು ಮಾಡಿದ ಭಾಷಣ)



ವಿದ್ಯಾರ್ಥಿವೇತನದ ನವೀಕರಣಕ್ಕೆ ನಾವು ಅಂಕಪಟ್ಟಿ ಕೇಳುತ್ತೇವೆ. ಬಿ.ಕಾಂ., ನರ್ಸಿಂಗ್, ಎಂಜಿನಿಯರಿಂಗ್ ಮಕ್ಕಳ ವಿಷಯದಲ್ಲಿ ಅದು ಹೆಚ್ಚುಕಡಿಮೆ ಸಾಕಾಗುತ್ತದೆ. ಈ ಸಲ ಬಿ.ಆರ್ಕ್. ಮೊದಲ ವರ್ಷದ ಒಬ್ಬ ಹುಡುಗಿಯ ಅರ್ಜಿ ಬಂದಿದೆ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಉಳಿದ ವಿಷಯಗಳಲ್ಲಿ ಚೆನ್ನಾಗಿದ್ದಾಳೆ, ಫ್ರೀಹ್ಯಾಂಡ್ ಡ್ರಾಯಿಂಗಿನಲ್ಲಿ ಅಂಕ ಕಡಿಮೆ. ಅದರಿಂದಾಗಿ ಒಟ್ಟು ಅಂಕ ನಮ್ಮ ನಿಯಮದ ಮಿತಿಗಿಂತ ಸ್ವಲ್ಪ ಕೆಳಗೆ ಬಿದ್ದಿದೆ. ಐದು ವರ್ಷದ ಕೋರ್ಸು. ಈಗ ಕೈಬಿಟ್ಟರೆ ಮುಂದೆ ಏನಾಗುತ್ತದೆ ಎಂದು ಇಲ್ಲಿರುವ ಪೋಷಕರಿಗೆ ನಾನು ಹೇಳಬೇಕಾಗಿಲ್ಲ.

ಸ್ಕೇಲು, ಕಂಪಾಸು ಮುಟ್ಟದೆ ಬರಿಗೈಯಲ್ಲಿ ಬಿಡಿಸುವುದೇ ಫ್ರೀಹ್ಯಾಂಡ್ ಡ್ರಾಯಿಂಗ್. ಕಂಪ್ಯೂಟರ್ ಇರುವಾಗ ಇದೇಕೆ ಎಂದು ಕೆಲವರು ಕೇಳುತ್ತಾರೆ. ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ಮೇಸ್ತ್ರಿಗೆ ಒಂದು ಮೂಲೆ ಹೇಗೆ ಕೂಡಬೇಕೆಂದು ತೋರಿಸಲು ಸಿಗುವುದು ಪೆನ್ಸಿಲ್ಲೂ ಚೂರು ಕಾಗದವೂ ಮಾತ್ರ. ಆರ್ಕಿಟೆಕ್ಚರ್ ಪ್ರವೇಶಕ್ಕೆ ನಡೆಯುವ ನಾಟಾ ಪರೀಕ್ಷೆಯ 200 ಅಂಕಗಳಲ್ಲಿ 80 ಅಂಕ ಚಿತ್ರ ಮತ್ತು ಸಂಯೋಜನೆಯ ಭಾಗಕ್ಕಿದೆ. ನಮ್ಮ ಶಾಲೆಗಳಲ್ಲೋ, ಡ್ರಾಯಿಂಗ್ ಪೀರಿಯಡ್ ಎಂದರೆ ಪೋರ್ಷನ್ ಮುಗಿಯದ ವಿಷಯಕ್ಕೆ ಬಿಟ್ಟುಕೊಡುವ ಪೀರಿಯಡ್!

ಈ ವಿಷಯದಲ್ಲಿ ಕಲಿಯಬೇಕಾದದ್ದು ಮೊದಲು ನೋಡುವುದನ್ನು. ಮನೆಗೆ ಹೋಗಿ ಮೇಜಿನ ಮೇಲೆ ಒಂದು ಚಹಾ ಲೋಟ ಇಟ್ಟು ಮಗುವಿಗೆ ಬಿಡಿಸಲು ಹೇಳಿ. ಬಾಯಿಯನ್ನು ದೀರ್ಘವೃತ್ತವಾಗಿ ಬಿಡಿಸುತ್ತದೆ, ತಳಕ್ಕೆ ನೇರ ಗೆರೆ ಎಳೆಯುತ್ತದೆ. ಮೇಜು ಸಪಾಟಾಗಿದೆ, ಆದ್ದರಿಂದ ತಳವೂ ಸಪಾಟು ಎಂಬ ಲೆಕ್ಕ ಅದರದು. ನಿಜವಾಗಿ ನೋಡಿದರೆ ತಳವೂ ಬಾಗಿದೆ. ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವ ಕಾರಣ ಬಾಯಿಗಿಂತ ಹೆಚ್ಚೇ ಬಾಗಿ ಕಾಣುತ್ತದೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬಾಯಿ ಬರೀ ಗೆರೆಯಾಗುತ್ತದೆ.

ನಮ್ಮ ವಿಜಯಪುರದ ಗೋಲಗುಮ್ಮಟವನ್ನೇ ತೆಗೆದುಕೊಳ್ಳಿ. ಹೊರವ್ಯಾಸ ಸುಮಾರು 44 ಮೀಟರ್ ಇರುವ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು. ದೂರದಿಂದ ಗುಮ್ಮಟವೇ ಎದ್ದು ಕಾಣುತ್ತದೆ. ಹತ್ತಿರ ಹೋದಂತೆಲ್ಲ ಅದು ಗೋಡೆಯ ಮೇಲಂಚಿನ ಹಿಂದಕ್ಕೆ ಇಳಿಯುತ್ತದೆ. ಬಾಗಿಲ ಸಮೀಪ ಕುಳಿತೂ ಪೂರ್ತಿ ಗುಮ್ಮಟ ಬಿಡಿಸಿದ ಹಾಳೆ ಎಷ್ಟೇ ಅಂದವಾಗಿರಲಿ, ಆ ವಿದ್ಯಾರ್ಥಿ ಕಟ್ಟಡವನ್ನು ನೋಡಿಲ್ಲ, ಕ್ಯಾಲೆಂಡರಿನ ಚಿತ್ರವನ್ನು ನೆನಪಿಸಿಕೊಂಡಿದ್ದಾನೆ. ಇಳಿದ ಗುಮ್ಮಟವನ್ನು ಇಳಿದ ಹಾಗೆಯೇ ತೋರಿಸಿದವನ ಗೆರೆ ನಡುಗಿದ್ದರೂ ಹೆಚ್ಚು ಅಂಕ ಅವನಿಗೇ ಸಲ್ಲಬೇಕು. ಗೆರೆ ಅಭ್ಯಾಸದಿಂದ ಗಟ್ಟಿಯಾಗುತ್ತದೆ.

ಹಾಗಾದರೆ ಕಲಿತಿದ್ದಾರೆಂದು ತಿಳಿಯುವುದು ಹೇಗೆ? ನಾನು ಗಣಿತದ ಮೇಷ್ಟರು, ಲೆಕ್ಕದಲ್ಲೇ ಹೇಳುತ್ತೇನೆ. ಸೆಮಿಸ್ಟರಿನಲ್ಲಿ ಹತ್ತು ಹಾಳೆ, ಪ್ರತಿಯೊಂದಕ್ಕೂ ಹತ್ತು ಅಂಕ ಎಂದಿಟ್ಟುಕೊಳ್ಳಿ. ಒಬ್ಬನಿಗೆ ಎಲ್ಲದರಲ್ಲೂ ಆರು. ಇನ್ನೊಬ್ಬಳಿಗೆ ಮೊದಲ ಐದರಲ್ಲಿ ನಾಲ್ಕು, ಕೊನೆಯ ಐದರಲ್ಲಿ ಎಂಟು. ಸರಾಸರಿ ಇಬ್ಬರಿಗೂ ಆರೇ. ಕೋರ್ಸು ಮುಗಿದಾಗ ಇಬ್ಬರ ಕೈಯಲ್ಲಿರುವ ವಿದ್ಯೆ ಒಂದೇ ಏನು? ಸರಾಸರಿಯು ಮೊದಲ ವಾರದ ಅಜ್ಞಾನವನ್ನು ಕೊನೆಯವರೆಗೂ ಹೊರಿಸುತ್ತದೆ. ಮೊದಲ ವಾರ ಮತ್ತು ಕೊನೆಯ ವಾರ ಅದೇ ವಸ್ತು, ಅಷ್ಟೇ ನಿಮಿಷ ಕೊಟ್ಟು ಬಿಡಿಸಲು ಹೇಳಿ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಸತ್ಯ ಕಾಣುತ್ತದೆ. ಅಂಕ ಹಾಕುವವರು ಇಬ್ಬರಿದ್ದು, ಒಬ್ಬರ ಅಂಕ ಇನ್ನೊಬ್ಬರಿಗೆ ತೋರಿಸದಿದ್ದರೆ ಇನ್ನೂ ಒಳ್ಳೆಯದು. ಚಿತ್ರದಲ್ಲಿ ಅಭಿರುಚಿ ಬೇಗ ನುಸುಳುತ್ತದೆ.

ಆ ಹುಡುಗಿಯ ಸ್ಕೆಚ್ ಬುಕ್ ತರಿಸಿ ನೋಡಿದೆ. ಪ್ರತಿ ಪುಟದಲ್ಲೂ ತಾರೀಖು ಇದೆ. ಸೆಪ್ಟೆಂಬರಿನ ಲೋಟದ ತಳ ನೇರ. ನವೆಂಬರಿನ ಬಿಂದಿಗೆ ಸರಿಯಾಗಿ ಕುಳಿತಿದೆ. ಡಿಸೆಂಬರಿನ ಒಂದು ಓಣಿಯ ಚಿತ್ರದಲ್ಲಿ ಕಿಟಕಿ, ಚಜ್ಜಾ, ಕಟ್ಟೆಗಳ ಗೆರೆಗಳ ಮೇಲೆ ಸ್ಕೇಲ್ ಇಟ್ಟು ಮುಂದುವರಿಸಿದೆ. ಕಣ್ಣಿನ ಮಟ್ಟದ ಒಂದೇ ಬಿಂದುವಿನ ಹತ್ತಿರ ಎಲ್ಲವೂ ಕೂಡುತ್ತವೆ. ಅದನ್ನು ಬಾಯಿಪಾಠ ಮಾಡಿ ತರಲಾಗುವುದಿಲ್ಲ. ನನ್ನ ಮಟ್ಟಿಗೆ ಈ ಅರ್ಜಿ ನವೀಕರಣಕ್ಕೆ ಅರ್ಹ.

ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಅಂಕಪಟ್ಟಿಯ ಜೊತೆ ಸ್ಕೆಚ್ ಬುಕ್ ಸಹ ತರಬೇಕೆಂದು ಸಮಿತಿಯ ಮುಂದೆ ಸಲಹೆ ಇಟ್ಟಿದ್ದೇನೆ. ಪುಟದಲ್ಲಿ ತಾರೀಖು ಮತ್ತು ತೆಗೆದುಕೊಂಡ ನಿಮಿಷ ಬರೆದಿರಲಿ. ಮೊಬೈಲ್ ಫೋಟೋ ನೋಡಿ ಬಿಡಿಸಿದ್ದು ಬೇಡ. ಕೆಟ್ಟುಹೋದ ಪುಟ ಹರಿಯಬೇಡಿ, ನಮಗೆ ಅದೂ ಬೇಕು. ಪೋಷಕರು ಕಾಗದ ದಂಡವಾಯಿತೆಂದು ಮಕ್ಕಳನ್ನು ಗದರಬೇಡಿ. ಡ್ರಾಯಿಂಗ್ ಶೀಟು, ಪೆನ್ಸಿಲ್‌ಗಳ ಖರ್ಚನ್ನು ಫೀಸಿನ ಜೊತೆಗೆ ಪ್ರತ್ಯೇಕವಾಗಿ ಸೇರಿಸಲು ದಾನಿಗಳು ಮನಸ್ಸು ಮಾಡಬೇಕೆಂದು ವಿನಂತಿ.

ಅರ್ಜಿ ಮುಂದಿನ ಸಭೆಗೆ ಬರುತ್ತದೆ. ಅವಳ ಒಪ್ಪಿಗೆ ಪಡೆದು ಪುಸ್ತಕವನ್ನು ಅಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಚಹಾದ ಹೊತ್ತಿನಲ್ಲಿ ದಯವಿಟ್ಟು ಮೊದಲ ಪುಟದಿಂದ ತಿರುವಿ ನೋಡಿ.